ಇಲ್ಲದವರಿಗೊಂದು ಜಾಗ: ಕ್ಯಾರೊಲ್ ಲಿನ್ ಪಿಯರ್ಸನ್ ನಾಟಕಗಳಲ್ಲಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊಳ್ಳಬೇಕು

ಶಾಲೆಯ ಬಸ್ಸು ನಿಲ್ಲುತ್ತದೆ. ಹುಡುಗನೊಬ್ಬ ಇಳಿದು, ಹಿಮದ ಮೇಲೆ ಕುಸಿದು, ಅಲ್ಲೇ ತೀರಿಕೊಳ್ಳುತ್ತಾನೆ. ಅವನ ಬಗ್ಗೆ ನಾಲ್ಕು ಸಾಲು ಬರೆದುಕೊಡುವ ಕೆಲಸ ಟೀಚರ್ ಒಬ್ಬರ ಪಾಲಿಗೆ ಬರುತ್ತದೆ. ಬರೆಯಲು ಅವರಿಗೆ ಏನೂ ಗೊತ್ತಿಲ್ಲ. ಹಳೆಯ ದಾಖಲೆ ತೆಗೆಯುತ್ತಾರೆ. ಚಿಕ್ಕ ತರಗತಿಗಳಲ್ಲಿ ಅವನ ಬಗ್ಗೆ ಒಳ್ಳೆಯ ಮಾತೇ ಇದೆ, ವರ್ಷ ಕಳೆದಂತೆ ಅದು ‘ಮಂದ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಂತ್ಯಕ್ರಿಯೆಗೆ ಕರೆದುಕೊಂಡು ಹೋಗೋಣವೆಂದರೆ ಅವನನ್ನು ಸರಿಯಾಗಿ ಬಲ್ಲ ಹತ್ತು ಮಕ್ಕಳು ಇಡೀ ಶಾಲೆಯಲ್ಲಿ ಸಿಗುವುದಿಲ್ಲ.

ಇದು ‘ಸೈಫರ್ ಇನ್ ದ ಸ್ನೋ’. ಜೀನ್ ಮೈಜರ್ ಬರೆದ ಕಥೆಯನ್ನು ಆಧರಿಸಿ ಅಮೆರಿಕದ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ 1973ರಲ್ಲಿ ತೆಗೆದ ಕಿರುಚಿತ್ರ. ಚಿತ್ರಕಥೆ ಕ್ಯಾರೊಲ್ ಲಿನ್ ಪಿಯರ್ಸನ್ ಅವರದು. ‘ಸೈಫರ್’ ಅಂದರೆ ಸೊನ್ನೆ. ಅರ್ಧ ಗಂಟೆಗೂ ಕಡಿಮೆ ಅವಧಿಯ ಈ ಚಿತ್ರವನ್ನು ಅಮೆರಿಕದ ಶಾಲೆಗಳಲ್ಲಿ ವರ್ಷಾನುಗಟ್ಟಲೆ ತೋರಿಸಿದರು. ಪಿಯರ್ಸನ್ ಅವರನ್ನು ಹೊಸದಾಗಿ ನೋಡುವವರಿಗೆ ನಮ್ಮ ಮೊದಲ ಸಲಹೆ ಇದೇ. ಇದರಲ್ಲಿ ಅವರ ಮಾರ್ಮನ್ ಧರ್ಮದ (ಯೂಟಾದಲ್ಲಿ ಬೇರೂರಿದ ಒಂದು ಕ್ರೈಸ್ತ ಪಂಥ) ಒಂದು ಪದವೂ ಗೊತ್ತಿರಬೇಕಾಗಿಲ್ಲ, ಆದರೆ ಅವರು ಮುಂದೆ ಮೂವತ್ತು ವರ್ಷ ಮಾಡಿದ್ದರ ಬೀಜ ಇಲ್ಲಿದೆ. ರಂಗದ ನಟ್ಟನಡುವೆ, ಅಲ್ಲಿ ಇಲ್ಲದವರನ್ನು ಕೂರಿಸುವುದು ಅವರ ಕಸುಬು. ಈ ಚಿತ್ರದಲ್ಲಿ ಅದು ಯಾರೂ ಗಮನಿಸದ ಹುಡುಗ, ‘ಫೇಸಿಂಗ್ ಈಸ್ಟ್’ನಲ್ಲಿ ಸತ್ತ ಮಗ, ‘ಮದರ್ ವೋವ್ ದ ಮಾರ್ನಿಂಗ್’ನಲ್ಲಿ ಸ್ವರ್ಗದಿಂದಲೇ ಕಾಣೆಯಾದ ತಾಯಿ.

1939ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಹುಟ್ಟಿದ ಪಿಯರ್ಸನ್ ಬ್ರಿಗಮ್ ಯಂಗ್‌ನಲ್ಲೇ ನಾಟಕ ಓದಿ ಸ್ನಾತಕೋತ್ತರ ಪದವಿ ಪಡೆದವರು. ನಟಿಯೂ ಹೌದು, ಕವಿಯೂ ಹೌದು, ನಾಟಕಕಾರ್ತಿಯೂ ಹೌದು. ಈ ಮೂರನ್ನೂ ಒಟ್ಟಿಗೆ ಹಿಡಿದು ನೋಡದಿದ್ದರೆ ಅವರ ಬರವಣಿಗೆ ಅರ್ಥವಾಗುವುದು ಕಷ್ಟ. ಸಾಲುಗಳು ಚಿಕ್ಕವು, ಉಸಿರಿನ ಅಳತೆಗೆ ಕತ್ತರಿಸಿದಂಥವು. ಬಾಯಿಬಿಟ್ಟು ಓದಿದರೆ ಬೇರೆಯೇ ಅನ್ನಿಸುತ್ತವೆ. ಅವರ ನಾಟಕದ ಪುಸ್ತಕ ಕೊಂಡವರು ಮನಸ್ಸಿನಲ್ಲಿ ಓದಿ ಕೆಳಗಿಟ್ಟು ‘ಇಷ್ಟೇನಾ’ ಅಂದರೆ ಅದು ಪುಸ್ತಕಕ್ಕೆ ಮಾಡುವ ಅನ್ಯಾಯ.

ಶುರುವಿನ ಸಂಗೀತ ನಾಟಕಗಳನ್ನು ಬೇಗ ಮುಗಿಸೋಣ. 1971ರ ‘ದಿ ಆರ್ಡರ್ ಈಸ್ ಲವ್’ ದಕ್ಷಿಣ ಯೂಟಾದ ಆರ್ಡರ್‌ವಿಲ್ ಎಂಬ ಊರಿನದು. 1875ರಿಂದ ಸುಮಾರು ಹತ್ತು ವರ್ಷ ಆ ಊರಿನವರು ಆಸ್ತಿಯನ್ನೆಲ್ಲ ಒಟ್ಟು ಹಾಕಿ, ಒಂದೇ ಅಡುಗೆಮನೆಯಲ್ಲಿ ಉಂಡು, ಒಂದೇ ಬಗೆಯ ಬಟ್ಟೆ ತೊಟ್ಟು ಬದುಕಿದರು. ಊರಿನ ಚರಿತ್ರೆಯಲ್ಲಿ ಪ್ಯಾಂಟಿನ ಪ್ರಸಂಗವೊಂದಿದೆ. ಕುರಿಮರಿಗಳ ಬಾಲ ಕತ್ತರಿಸುವಾಗ ಬೀಳುವ ತುಂಡುಗಳಿಂದ ಹುಡುಗನೊಬ್ಬ ಉಣ್ಣೆ ಕೂಡಿಟ್ಟು, ಅದನ್ನು ಮಾರಿ ಅಂಗಡಿಯ ಪ್ಯಾಂಟು ಕೊಂಡು ತಂದ. ಹಿರಿಯರು ಅವನನ್ನು ಕರೆಸಿದರು, ಜಾಣ್ಮೆಗೆ ಮೆಚ್ಚಿದರು, ಆ ಪ್ಯಾಂಟಿನ ಹೊಲಿಗೆ ಬಿಚ್ಚಿಸಿ ಅದನ್ನೇ ಊರಿನ ಹೊಸ ಮಾದರಿಯಾಗಿ ದರ್ಜಿಗೆ ಕೊಟ್ಟರು. ಆಮೇಲೆ ಹುಡುಗರೆಲ್ಲ ಸಾಣೆಕಲ್ಲಿಗೆ ಹಳೆಯ ಪ್ಯಾಂಟು ಉಜ್ಜಿ ಸವೆಸಿಕೊಂಡು ಹೊಸದಕ್ಕೆ ಸಾಲು ನಿಂತರಂತೆ. ಇಂಥ ಊರಿನ ಮೇಲೆ ಸಂಗೀತ ನಾಟಕ ಕಟ್ಟಬೇಕೆಂದು ಹೊಳೆದದ್ದೇ ಪಿಯರ್ಸನ್ ಅವರ ರಂಗಬುದ್ಧಿಗೆ ಸಾಕ್ಷಿ. ಇದರ ಸಂಗೀತ ಲೆಕ್ಸ್ ಡಿ ಅಜೆವೆಡೊ ಅವರದು.

ಅದೇ ಜೋಡಿಯ ‘ಮೈ ಟರ್ನ್ ಆನ್ ಅರ್ಥ್’ (1977) ಮಾರ್ಮನ್ ಮನೆಗಳಲ್ಲಿ ಬಹಳ ಹೆಸರು ಮಾಡಿತು. ಹುಟ್ಟುವ ಮೊದಲು ಆತ್ಮಗಳು ದೇವರ ಜೊತೆ ಇದ್ದವು, ಭೂಮಿಗೆ ಪಾಠ ಕಲಿಯಲು ಬಂದವು, ಮುಗಿಸಿ ಮನೆಗೆ ಹಿಂತಿರುಗುತ್ತವೆ ಎಂಬ ನಂಬಿಕೆಯನ್ನು ನಿಧಿ ಹುಡುಕುವ ಆಟದ ರೂಪದಲ್ಲಿ ಹೇಳುವ ನಾಟಕ. ಕನ್ನಡದವರು ಇಲ್ಲಿ ಒಂದು ಕಡೆ ಎಡವುತ್ತಾರೆ. ‘ಹುಟ್ಟುವ ಮೊದಲಿನ ಬದುಕು’ ಅಂದ ಕೂಡಲೇ ನಮ್ಮ ತಲೆ ಪುನರ್ಜನ್ಮಕ್ಕೆ ಹೋಗುತ್ತದೆ. ಇಲ್ಲಿ ಅದಿಲ್ಲ. ಭೂಮಿಗೆ ಬರುವುದು ಒಂದೇ ಸಲ, ಬಂದಾಗ ಹಿಂದಿನ ನೆನಪಿಗೆ ತೆರೆ ಬೀಳುತ್ತದೆ, ಕರ್ಮದ ಲೆಕ್ಕ ಜನ್ಮದಿಂದ ಜನ್ಮಕ್ಕೆ ಸಾಗುವುದಿಲ್ಲ. ಇಷ್ಟು ತಿಳಿದು ನೋಡಿದರೆ ಕಥೆ ಸಲೀಸು. ಹಾಡುಗಳಲ್ಲಿ ಮಾತ್ರ 70ರ ದಶಕದ ಸಿಹಿ ತುಸು ಹೆಚ್ಚೇ ಇದೆ. ಮಕ್ಕಳಿಗೆ ಹಿಡಿಸುತ್ತದೆ, ದೊಡ್ಡವರು ಇದರಿಂದ ಶುರು ಮಾಡಬೇಡಿ.

ನಿಜವಾದ ಸರಕು ಇರುವುದು ‘ಮದರ್ ವೋವ್ ದ ಮಾರ್ನಿಂಗ್’ನಲ್ಲಿ. 1989ರಿಂದ ಪಿಯರ್ಸನ್ ಒಬ್ಬರೇ ರಂಗದ ಮೇಲೆ ನಿಂತು ಹದಿನಾರು ಹೆಂಗಸರಾಗಿ ಆಡಿದ ಏಕವ್ಯಕ್ತಿ ಪ್ರದರ್ಶನ. ಅಮೆರಿಕದಲ್ಲೂ ಹೊರದೇಶಗಳಲ್ಲೂ ಸೇರಿ 300ಕ್ಕೂ ಹೆಚ್ಚು ಸಲ ಆಡಿದರು. ಶಿಲಾಯುಗದ ಹೆಂಗಸಿನಿಂದ ಹಿಡಿದು ನಮ್ಮ ಕಾಲದ ಹೆಂಗಸಿನವರೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ತಂದೆ ಇದ್ದಾನೆ ಸರಿ, ತಾಯಿ ಎಲ್ಲಿ?

ಈ ಪ್ರಶ್ನೆ ಮಾರ್ಮನ್ನರಿಗೆ ಹೊರಗಿನಿಂದ ಬಂದದ್ದಲ್ಲ. ಸ್ವರ್ಗದಲ್ಲಿ ತಂದೆಯ ಜೊತೆ ತಾಯಿಯೂ ಇದ್ದಾಳೆಂದು ಮಾರ್ಮನ್ ಕವಯಿತ್ರಿ ಎಲೈಜಾ ಸ್ನೋ 1845ರಲ್ಲೇ ಕವಿತೆ ಬರೆದರು, ಅದನ್ನು ಚರ್ಚಿನಲ್ಲಿ ಇಂದಿಗೂ ಹಾಡುತ್ತಾರೆ. ಇದ್ದಾಳೆ ಎಂಬುದನ್ನು ಒಪ್ಪಿದರೂ ಆಕೆಯ ಬಗ್ಗೆ ಮಾತು ಬಹಳ ಕಡಿಮೆ. 1991ರಲ್ಲಿ ಚರ್ಚಿನ ಹಿರಿಯ ನಾಯಕ ಗೋರ್ಡನ್ ಹಿಂಕ್ಲಿ, ಆಕೆಯನ್ನು ಪ್ರಾರ್ಥಿಸುವುದು ಸರಿಯಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಚರ್ಚು ತನ್ನ ಜಾಲತಾಣದಲ್ಲಿ ಆಕೆಯ ಬಗ್ಗೆ ಪ್ರಬಂಧ ಪ್ರಕಟಿಸಿದ್ದು 2015ರಲ್ಲಿ. ಪಿಯರ್ಸನ್ ಈ ನಾಟಕ ಕಟ್ಟಿದ್ದು ಅದಕ್ಕೆ ಕಾಲು ಶತಮಾನದ ಮೊದಲು, ಅದೂ ಚರ್ಚಿನ ಒಳಗೇ ಇದ್ದುಕೊಂಡು. ಬಿಟ್ಟು ಹೋದವರ ಸಿಟ್ಟು ಇದರಲ್ಲಿಲ್ಲ. ಮನೆಯೊಳಗೆ ನಿಂತು ಕೋಣೆಯಿಂದ ಕೋಣೆಗೆ ಹುಡುಕುವವರ ಧ್ವನಿ ಇದೆ. ಈ ಕೃತಿಯ ಬಗ್ಗೆ ನಮಗಿರುವ ಗೌರವದ ಅರ್ಧ ಪಾಲು ಅದಕ್ಕೆ.

ರಾಹೇಲಳ ಭಾಗವನ್ನು ಹತ್ತಿರದಿಂದ ನೋಡಿ. ಬೈಬಲ್ಲಿನ ಆದಿಕಾಂಡ 31ರಲ್ಲಿ ರಾಹೇಲಳು ಗಂಡ ಯಾಕೋಬನ ಜೊತೆ ತವರು ಬಿಟ್ಟು ಹೊರಡುವಾಗ ತಂದೆಯ ಮನೆದೇವರ ವಿಗ್ರಹಗಳನ್ನು ಕದ್ದು ತರುತ್ತಾಳೆ. ತಂದೆ ಲಾಬಾನ ಬೆನ್ನಟ್ಟಿ ಬಂದು ಡೇರೆ ಡೇರೆ ಜಾಲಾಡುತ್ತಾನೆ. ಇವಳು ವಿಗ್ರಹಗಳನ್ನು ಒಂಟೆಯ ತಡಿಯೊಳಗೆ ತುರುಕಿ, ಅದರ ಮೇಲೆ ಕೂತು, ‘ಅಪ್ಪಾ, ಏಳಲಾರೆ, ಹೊರಗಾಗಿದ್ದೇನೆ’ ಎಂಬರ್ಥದ ಮಾತು ಹೇಳುತ್ತಾಳೆ. ಯಾವ ಕಾರಣಕ್ಕೆ ಹೆಂಗಸನ್ನು ದೂರ ಇಡುತ್ತಿದ್ದರೋ ಅದೇ ಕಾರಣ ದೇವರನ್ನು ಕಾಪಾಡುತ್ತದೆ. ಆಡುವ ನಟಿಗೆ ಬೇಕಾದದ್ದು ಒಂದು ಪೀಠ ಮತ್ತು ಅಲ್ಲಾಡದೆ ಕೂರುವ ಗಟ್ಟಿತನ. ಇಲ್ಲಿ ನಗು ಬರಲೇಬೇಕು. ಬರದಿದ್ದರೆ ನಟಿ ಭಕ್ತಿಯಿಂದ ಆಡಿಬಿಟ್ಟಿದ್ದಾಳೆ ಎಂದರ್ಥ.

ಕೊರತೆಯನ್ನೂ ಹೇಳಬೇಕು. ಶಿಲಾಯುಗದಲ್ಲಿ ಜಗತ್ತೆಲ್ಲ ತಾಯಿದೇವತೆಯನ್ನು ಪೂಜಿಸುತ್ತಿತ್ತು, ಆಮೇಲೆ ಗಂಡುದೇವರು ಬಂದು ಆಕೆಯನ್ನು ಓಡಿಸಿದ ಎಂಬ ವಾದ 80ರ ದಶಕದಲ್ಲಿ ಪುರಾತತ್ವಜ್ಞೆ ಮರಿಯಾ ಗಿಂಬೂಟಾಸ್ ಅವರ ಬರಹಗಳ ಮೂಲಕ ಬಹಳ ಹರಡಿತ್ತು. ನಂತರದ ಪುರಾತತ್ವಜ್ಞರಲ್ಲಿ ಹೆಚ್ಚಿನವರು ಅದನ್ನು ಅಷ್ಟು ಸರಳವಾಗಿ ಒಪ್ಪಲಿಲ್ಲ. ನಾಟಕದ ಬೆನ್ನೆಲುಬಿನಲ್ಲಿ ಆ ಕಾಲದ ಗಾಳಿ ಇದೆ. ಅದನ್ನು ಚರಿತ್ರೆಯ ಪಾಠವೆಂದು ತೆಗೆದುಕೊಳ್ಳದೆ ಹಂಬಲದ ಚರಿತ್ರೆಯೆಂದು ತೆಗೆದುಕೊಂಡರೆ ನಿಲ್ಲುತ್ತದೆ.

ಕೊಳ್ಳುವವರಿಗೆ: ಇದರ ವಿಡಿಯೊ ರೂಪ 90ರ ದಶಕದ್ದು, ಚೌಕಟ್ಟು 4:3. ಈಗಿನ ಅಗಲ ಟಿವಿಯಲ್ಲಿ ಹಾಕಿದರೆ ಚಿತ್ರ ಅಡ್ಡಕ್ಕೆ ಎಳೆದು ಮುಖ ದಪ್ಪ ಕಾಣುತ್ತದೆ, ಟಿವಿ ಸೆಟ್ಟಿಂಗ್‌ನಲ್ಲಿ 4:3 ಆರಿಸಿ, ಎರಡು ಬದಿ ಕಪ್ಪು ಪಟ್ಟಿ ಬಂದರೆ ಬರಲಿ. ಅಮೆರಿಕದ ಡಿವಿಡಿ ತರಿಸುವ ಮುನ್ನ ರೀಜನ್ ಕೋಡ್ (ಡಿಸ್ಕು ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತದೆಂದು ಹೇಳುವ ಸಂಖ್ಯೆ) ನೋಡಿಕೊಳ್ಳಿ. ಅಲ್ಲಿಯ ಸಂಖ್ಯೆ 1, ಭಾರತದ್ದು 5. ಕೋಡ್ ಹಾಕಿದ ಡಿಸ್ಕು ಇಲ್ಲಿನ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಜೊತೆಗೆ ಟಿವಿ ಚಿತ್ರದ ಪದ್ಧತಿಯೂ ಬೇರೆ: ಅಲ್ಲಿಯದು ಎನ್‌ಟಿಎಸ್‌ಸಿ, ನಮ್ಮ ಹಳೆಯ ಸೆಟ್ಟುಗಳು ಪಾಲ್. ಎಲ್ಲ ರೀಜನ್‌ಗೂ ಒಪ್ಪುವ ಪ್ಲೇಯರ್ ಇಲ್ಲದಿದ್ದರೆ ನಾಟಕದ ಪುಸ್ತಕವನ್ನೇ ತರಿಸಿ. ಎರಡೂ ಸಿಕ್ಕರೆ ಮೊದಲು ನೋಡಿ, ಆಮೇಲೆ ಓದಿ.

ಇದನ್ನು ಆಡಬೇಕೆಂದು ಆಸೆಪಡುವ ನಟಿಯರಿಗೆ ಕೆಲವು ಎಚ್ಚರಿಕೆಗಳು. ಹದಿನಾರು ಪಾತ್ರವೆಂದರೆ ಹದಿನೈದು ದಾಟುಗಳು. ಒಂದೊಂದಕ್ಕೂ ಲೈಟು ಆರಿಸಿ ಹತ್ತು ಸೆಕೆಂಡು ತೆಗೆದುಕೊಂಡರೆ ಎರಡೂವರೆ ನಿಮಿಷ ಸತ್ತ ಹೊತ್ತು, ಪ್ರೇಕ್ಷಕ ಪ್ರತಿ ಸಲವೂ ಕೈಗಡಿಯಾರ ನೋಡುತ್ತಾನೆ. ದಾಟು ಬೆಳಕಿನಲ್ಲೇ, ಎಲ್ಲರೆದುರೇ ಆಗಬೇಕು. ಪಾತ್ರಕ್ಕೊಂದು ಕಂಠ ಬದಲಿಸುವುದು ಎಲ್ಲರೂ ಮೊದಲು ಮಾಡುವ ತಪ್ಪು. ಐದನೆಯ ಪಾತ್ರದ ಹೊತ್ತಿಗೆ ಗಂಟಲು ಕಟ್ಟುತ್ತದೆ, ಹತ್ತನೆಯದಕ್ಕೆ ಹೊಸ ಕಂಠವೇ ಉಳಿದಿರುವುದಿಲ್ಲ. ಬದಲಿಸಬೇಕಾದದ್ದು ದೇಹದ ಭಾರ ಎಲ್ಲಿ ನಿಲ್ಲುತ್ತದೆ ಎಂಬುದನ್ನು: ಹಿಮ್ಮಡಿಯಲ್ಲೋ, ಸೊಂಟದಲ್ಲೋ, ಎದೆಯಲ್ಲೋ. ಅದರ ಜೊತೆ ಉಸಿರಿನ ವೇಗ, ಕಣ್ಣು ನೆಡುವ ಎತ್ತರ. ಇವು ಬದಲಾದರೆ ಧ್ವನಿ ತಾನಾಗಿ ಬದಲಾಗುತ್ತದೆ. ಇನ್ನೊಂದು ಅಪಾಯ ದುಃಖದ್ದು. ಹದಿನಾರು ನೋವುಗಳನ್ನು ಒಂದೇ ಶ್ರುತಿಯಲ್ಲಿ ಆಡಿದರೆ ಅರ್ಧ ದಾರಿಯಲ್ಲಿ ಅವೆಲ್ಲ ಸೇರಿ ಒಂದೇ ಮುದ್ದೆಯಾಗುತ್ತವೆ. ಅಳು ಎಲ್ಲಿ ಬರಬೇಕೆಂದು ಮೊದಲೇ ಗುರುತು ಹಾಕಿಕೊಂಡು, ಉಳಿದ ಕಡೆ ಬಿಗಿಹಿಡಿಯಿರಿ.

ಕನ್ನಡಕ್ಕೆ ತರುವವರ ಎದುರು ಇನ್ನೊಂದು ತೊಡಕಿದೆ. ಊರಿಗೊಬ್ಬ ಅಮ್ಮನಿರುವ ನಾಡು ನಮ್ಮದು. ಮಾರಮ್ಮ, ಎಲ್ಲಮ್ಮ, ಚಾಮುಂಡಮ್ಮನಿಗೆ ಕೈ ಮುಗಿದು ಬಂದ ಪ್ರೇಕ್ಷಕನಿಗೆ ‘ದೇವರಲ್ಲಿ ತಾಯಿ ಎಲ್ಲಿ’ ಎಂಬ ಪ್ರಶ್ನೆ ಚುರುಕ್ಕೆನ್ನುವುದಿಲ್ಲ. ತಾಯಿಯ ಹೆಸರು ಹೇಳದ ಪ್ರಾರ್ಥನೆಯಲ್ಲೇ ಬೆಳೆದ ಮನೆ ಹೇಗಿರುತ್ತದೆ ಎಂಬುದನ್ನು ಮೊದಲ ಕೆಲವು ನಿಮಿಷಗಳಲ್ಲೇ ಕಟ್ಟಿಕೊಡಬೇಕು. ಈ ಚರ್ಚು ನಮಗೆ ದೂರದ್ದೇನಲ್ಲ, ಬೆಂಗಳೂರಿನಲ್ಲಿ ಅದರ ದೇಗುಲ ಕಟ್ಟುವುದಾಗಿ 2018ರಲ್ಲಿ ಘೋಷಣೆಯಾಗಿದೆ. ಆದರೂ ಅದರ ಒಳಗಿನ ಈ ಹಂಬಲ ನಮ್ಮ ಪ್ರೇಕ್ಷಕರಿಗೆ ಹೊಸದು. ಅನುವಾದದ ಹಕ್ಕು ಬೇರೆ, ಪ್ರದರ್ಶನದ ಹಕ್ಕು ಬೇರೆ. ಒಂದೇ ಪತ್ರದಲ್ಲಿ ಎರಡನ್ನೂ ಕೇಳಿ, ಎರಡಕ್ಕೂ ಲಿಖಿತ ಒಪ್ಪಿಗೆ ಪಡೆದೇ ತಾಲೀಮು ಶುರು ಮಾಡಿ.

ಸಣ್ಣ ತಂಡಗಳಿಗೆ ಹೆಚ್ಚು ಕೈಗೆಟುಕುವುದು ‘ಫೇಸಿಂಗ್ ಈಸ್ಟ್’. 2006ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪ್ಲ್ಯಾನ್-ಬಿ ಥಿಯೇಟರ್ ಮೊದಲು ಆಡಿತು, ಮರುವರ್ಷ ನ್ಯೂಯಾರ್ಕಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಹೋಯಿತು. ಮೂರೇ ಪಾತ್ರ, ಒಂದೇ ಜಾಗ, ಮಗನ ಸಮಾಧಿಯ ಪಕ್ಕ. ಆತ್ಮಹತ್ಯೆ ಮಾಡಿಕೊಂಡ ಸಲಿಂಗಿ ಮಗ ಆಂಡ್ರೂನನ್ನು ಮಣ್ಣು ಮಾಡಿ ಜನ ಹೋದ ಮೇಲೆ ತಂದೆ ಅಲೆಕ್ಸ್ ಹೊರಡಲು ಒಪ್ಪುವುದಿಲ್ಲ. ತಾಯಿ ರೂತ್ ನಂಬಿಕೆಯನ್ನು ಬಿಗಿಯಾಗಿ ಹಿಡಿದವಳು. ಅಷ್ಟರಲ್ಲಿ ಮಗನ ಸಂಗಾತಿ ಮಾರ್ಕಸ್ ಬರುತ್ತಾನೆ. ಪುನರುತ್ಥಾನದ ಬೆಳಗಿಗೆ ಎದುರಾಗುವಂತೆ ಸತ್ತವರನ್ನು ಪೂರ್ವಕ್ಕೆ ಮುಖ ಮಾಡಿ ಹೂಳುವ ರೂಢಿಯಿದೆ, ಹೆಸರು ಅಲ್ಲಿಂದ ಬಂದದ್ದು.

ಈ ನಾಟಕದ ಹಿಂದೆ ಬದುಕೇ ಇದೆ. ಪಿಯರ್ಸನ್ ಅವರ ಗಂಡ ಜೆರಾಲ್ಡ್ ಸಲಿಂಗಿ. ನಾಲ್ಕು ಮಕ್ಕಳಾದ ಮೇಲೆ ವಿಚ್ಛೇದನವಾಯಿತು. ಏಡ್ಸ್ ಆದಾಗ ಅವರನ್ನು ಮನೆಗೆ ಕರೆತಂದು ಪಿಯರ್ಸನ್ ಅವರೇ ಆರೈಕೆ ಮಾಡಿದರು. 1984ರಲ್ಲಿ ಜೆರಾಲ್ಡ್ ತೀರಿಕೊಂಡರು. ಅದನ್ನು ‘ಗುಡ್‌ಬೈ, ಐ ಲವ್ ಯೂ’ (1986) ಎಂಬ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಪುಸ್ತಕಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಅದನ್ನು ಕೊಳ್ಳಿ.

ಆಡುವವರಿಗೆ ರಂಗಸಜ್ಜಿಕೆಯ ಖರ್ಚು ಹೆಚ್ಚಿಲ್ಲ. ಒಂದು ದಿಬ್ಬ, ಹೂವು, ಕೂರಲು ಏನಾದರೊಂದು. ಹೂವು ನಿಜದ್ದೇ ಇರಲಿ, ಪ್ಲಾಸ್ಟಿಕ್ ಹೂವು ಮೊದಲ ಸಾಲಿಗೆ ಗೊತ್ತಾಗುತ್ತದೆ. ನಾಟಕದಲ್ಲಿ ಆತ್ಮಹತ್ಯೆಯ ವಿಷಯವಿದೆ ಎಂದು ಪ್ರದರ್ಶನಕ್ಕೆ ಮೊದಲೇ ಸೂಚನೆ ಕೊಡಿ, ಬಾಗಿಲಲ್ಲಿ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಎದ್ದು ಕಾಣುವಂತೆ ಹಾಕಿ. ಮುಗಿದ ಮೇಲೆ ಅರ್ಧ ಗಂಟೆ ಸಭಾಂಗಣ ಬಿಟ್ಟುಕೊಡದೆ ಇಟ್ಟುಕೊಳ್ಳಿ. ಕೆಲವರು ಮಾತಾಡದೆ ಸುಮ್ಮನೆ ಕೂತಿರುತ್ತಾರೆ, ಅವರನ್ನು ಎಬ್ಬಿಸಬಾರದು.

ಪಾತ್ರ ಹಂಚುವಾಗ ತಂಡದ ಅತ್ಯುತ್ತಮ ನಟಿಯನ್ನು ರೂತ್‌ಗೆ ಕೊಡಿ. ಅಲೆಕ್ಸ್‌ನ ದುಃಖಕ್ಕೆ, ಮಾರ್ಕಸ್‌ನ ನಷ್ಟಕ್ಕೆ ಪ್ರೇಕ್ಷಕ ತಾನಾಗಿ ಒಲಿಯುತ್ತಾನೆ. ರೂತ್‌ಳನ್ನು ಕೆಟ್ಟವಳೆಂದು ಆಡಿದರೆ ಜಗಳದ ಫಲಿತಾಂಶ ಮೊದಲೇ ಗೊತ್ತಾಗಿ ನಾಟಕ ಕೂತುಬಿಡುತ್ತದೆ. ಅವಳ ಲೆಕ್ಕ ಬೇರೆ. ನಂಬಿಕೆ ಸುಳ್ಳಾದರೆ ಮಗ ಇನ್ನು ಎಲ್ಲೂ ಸಿಗುವುದಿಲ್ಲ. ಆ ಭಯ ಅವಳ ಪ್ರತಿ ಗಡಸು ಮಾತಿನ ಅಡಿಯಲ್ಲಿರಬೇಕು. ತಾಲೀಮಿನಲ್ಲಿ ಅವಳ ಮಾತುಗಳನ್ನು ಒಂದು ಸಲ ಪೂರ್ತಿ ಪಿಸುಧ್ವನಿಯಲ್ಲಿ, ಮಲಗಿದ ಮಗುವಿನ ಪಕ್ಕ ಕೂತು ಆಡುವಂತೆ ಓದಿಸಿ. ಆಮೇಲೆ ಬೇಕಾದಲ್ಲಿ ಮಾತ್ರ ಧ್ವನಿ ಏರಿಸಲಿ.