ಕೌಬಾಯ್ ರಿವಾಲ್ವರ್‌ಗೆ ಜೋರು ತೋಟಾ: .45 ನಕಲು, .357 ನಕಲು, ರೂಗರ್

ಮೊದಲೇ ಹೇಳಿಬಿಡುತ್ತೇನೆ. ಜೋರು ತೋಟಾ ಹೊಡೆಯುವ ಆಸೆ ಇದ್ದರೆ ಹಳೆಯ ಕೋಲ್ಟ್ ರಿವಾಲ್ವರಿನ ಇಟಲಿ ನಕಲು, .45 ಕೋಲ್ಟ್ ಅನ್ನುವ ತೋಟಾದ್ದು, ಅದಕ್ಕೆ ತಕ್ಕದ್ದಲ್ಲ. ಅದೇ ಕಂಪನಿಯ ಅದೇ ಮಾದರಿಯನ್ನು .357 ಮ್ಯಾಗ್ನಮ್ ತೋಟಾದಲ್ಲಿ ತಗೊಳ್ಳಿ. ಇಲ್ಲಾಂದ್ರೆ ದೊಡ್ಡ ಫ್ರೇಮಿನ, ಅಂದರೆ ದಪ್ಪ ಚೌಕಟ್ಟಿನ, ರೂಗರ್ ಕಂಪನಿಯ ಬ್ಲ್ಯಾಕ್‌ಹಾಕ್ ತಗೊಳ್ಳಿ. ಇಲ್ಲಿ ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ, ಮುಖ್ಯವಾಗಿ ಊರಲ್ಲಿ ಕೋವಿ ನೋಡುತ್ತಾ ಬೆಳೆದ ಕೊಡಗು, ಮಲೆನಾಡಿನ ಗೆಳೆಯರಲ್ಲಿ, ಒಂದು ಕೌಬಾಯ್ ರಿವಾಲ್ವರ್ ಇರಲಿ ಅಂತ ಕೊಂಡವರು ಇದ್ದಾರೆ. ಅವರು ಕೇಳುವುದು ಒಂದೇ: "ಇದಕ್ಕೆ ಸ್ವಲ್ಪ ಪವರ್ ಜಾಸ್ತಿ ಇರೋ ತೋಟಾ ಹಾಕಬಹುದಾ?" ಯಾವ ರಿವಾಲ್ವರ್ ಅನ್ನುವುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ.

ನಾನು ಹೊಡೆದು ನೋಡಿರುವುದು ಮೂರನ್ನು. ಇಟಲಿಯ ಉಬರ್ಟಿ ಕಂಪನಿಯ ಕ್ಯಾಟಲ್‌ಮನ್ .45 ಕೋಲ್ಟ್, ಅದೇ ಕ್ಯಾಟಲ್‌ಮನ್ .357ರಲ್ಲಿ, ಮತ್ತೆ ಗೆಳೆಯನೊಬ್ಬನ ಬ್ಲ್ಯಾಕ್‌ಹಾಕ್ .45 ಕೋಲ್ಟ್. ಜಾಗ ಫೀನಿಕ್ಸ್ ನಗರದ ಉತ್ತರಕ್ಕಿರುವ ಬೆನ್ ಆವೆರಿ ರೇಂಜ್. ಎಲ್ಲದಕ್ಕೂ ಕಂಪನಿಯವರು ತುಂಬಿದ ತೋಟಾ ಮಾತ್ರ, ಕೈಯಲ್ಲಿ ತುಂಬಿದ್ದು ಒಂದೂ ಇಲ್ಲ.

ಕ್ಯಾಟಲ್‌ಮನ್ ಅಂದರೆ 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ನಕಲು. ಆ ಕಾಲದ್ದು ಕರಿಮದ್ದು. 40 ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಅಳತೆ) ಮದ್ದು, 255 ಗ್ರೇನ್ ಸೀಸದ ಗುಂಡು, ಅಷ್ಟೇ. ಹೊಗೆ ಇಲ್ಲದ ಮದ್ದಿಗೆ ಈ ರಿವಾಲ್ವರ್ ತಡೆಯುತ್ತದೆ ಅಂತ ಕೋಲ್ಟ್ ಕಂಪನಿಯೇ ಖಾತ್ರಿ ಕೊಟ್ಟಿದ್ದು 1900ರಿಂದ ಈಚೆಗೆ. ಇವತ್ತಿನ ನಕಲುಗಳ ಉಕ್ಕು ಹಳೆಯದಕ್ಕಿಂತ ಎಷ್ಟೋ ಮೇಲು, ಅದರಲ್ಲಿ ಅನುಮಾನ ಇಲ್ಲ. ಆದರೆ ಅಳತೆ ಮಾತ್ರ ಹೆಚ್ಚುಕಡಿಮೆ ಹಳೆಯದೇ. ನಕಲು ಅಂದಮೇಲೆ ಹಾಗೇ ಇರಬೇಕಲ್ವಾ.

ಅಮೆರಿಕದಲ್ಲಿ ತೋಟಾಗಳ ಒತ್ತಡಕ್ಕೆ ಮಿತಿ ಗೊತ್ತುಮಾಡುವ ಸಂಸ್ಥೆ ಸಾಮಿ. ಅದರ ಪ್ರಕಾರ .45 ಕೋಲ್ಟ್‌ಗೆ ಮಿತಿ 14,000 ಪಿಎಸ್‌ಐ (ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡ್ ಒತ್ತಡ ಅಂತ). .357 ಮ್ಯಾಗ್ನಮ್‌ಗೆ 35,000. ಎರಡೂವರೆ ಪಟ್ಟು! ಹೊರಗಿನಿಂದ ಒಂದೇ ಥರ ಕಾಣುವ ಎರಡು ರಿವಾಲ್ವರ್, ಒಂದೇ ಕಾರ್ಖಾನೆ, ಒಂದೇ ಉಕ್ಕು. ಹಾಗಿದ್ದರೆ ಒಂದಕ್ಕೆ ಇಷ್ಟು ತಾಕತ್ತು ಎಲ್ಲಿಂದ ಬಂತು?

ಎರಡರ ಸಿಲಿಂಡರನ್ನೂ (ತೋಟಾ ಕೂರುವ, ತಿರುಗುವ ಉರುಳೆ) ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿ, ಬೇರೆ ಯಾರೂ ವಿವರಿಸುವುದು ಬೇಡ. .45ರ ಸಿಲಿಂಡರ್ ಹಿಂದಿನಿಂದ ನೋಡಿದರೆ ಆರು ದೊಡ್ಡ ತೂತು, ತೂತಿನಿಂದ ತೂತಿಗೆ ಸಣ್ಣ ಗೋಡೆ, ಹೊರಗಡೆಗೂ ಸಣ್ಣ ಗೋಡೆ. ಅದರ ಮೇಲೆ, ಸಿಲಿಂಡರನ್ನು ಹಿಡಿದು ನಿಲ್ಲಿಸುವ ಬೋಲ್ಟಿಗೆ ಅಂತ ಹೊರಮೈಯಲ್ಲಿ ಕಚ್ಚು ಕೊರೆದಿರುತ್ತಾರೆ. ಆರು ಗುಂಡಿನ ಸಿಲಿಂಡರಿನಲ್ಲಿ ಆ ಕಚ್ಚು ಬರುವುದು ಸರಿಯಾಗಿ ತೂತಿನ ಮೇಲೇ. ಅಲ್ಲಿ ಉಳಿದಿರುವ ಉಕ್ಕು ನೋಡಿದರೆ ಎದೆ ಝಲ್ ಅನ್ನುತ್ತದೆ. ಬೆರಳಿನ ಉಗುರನ್ನು ಕಚ್ಚಿನೊಳಗೆ ಇಳಿಸಿ, ಅದರಡಿ ಎಷ್ಟು ದಪ್ಪ ಉಳಿದಿರಬಹುದು ಅಂತ ಅಂದಾಜು ಮಾಡಿ, ನಿಮಗೇ ಅರ್ಥವಾಗುತ್ತದೆ. .45 ತೋಟಾದ ಬುಡ 12.2 ಮಿಲಿಮೀಟರ್ ಅಗಲ, .357ರದ್ದು 9.6. ಅಂದರೆ .357ರಲ್ಲಿ ಹೊರಗೋಡೆಗೆ ಒಂದು ಮಿಲಿಮೀಟರಿಗಿಂತ ಜಾಸ್ತಿ ಉಕ್ಕು ಸಿಗುತ್ತದೆ, ನಡುವಿನ ಗೋಡೆಗೆ ಅದರ ಎರಡರಷ್ಟು. ಕೈಯಲ್ಲಿ ಹಿಡಿದರೂ .357 ಭಾರ ಅನ್ನಿಸುತ್ತದೆ, ಕೊರೆದು ತೆಗೆದ ಉಕ್ಕು ಕಡಿಮೆ ಅಲ್ವಾ.

ಹೊಡೆದಾಗ ಹೇಗಿದೆ? .45ರಲ್ಲಿ ಸಾಮಾನ್ಯ 250 ಗ್ರೇನ್ ತೋಟಾ ಸುಖವಾಗಿದೆ. ಧಡ್ ಅಂತ ತಳ್ಳುತ್ತದೆ, ಹಿಡಿ ಅಂಗೈಯಲ್ಲಿ ಮೇಲಕ್ಕೆ ಹೊರಳುತ್ತದೆ, ನೋವಿಲ್ಲ. .357 ಜೋರು, ಸದ್ದು ಚುರುಕು, ಬಾಯಲ್ಲಿ ಬೆಂಕಿ ಕಾಣುತ್ತದೆ. 158 ಗ್ರೇನ್ ಗುಂಡು ಸೆಕೆಂಡಿಗೆ 1,200 ಅಡಿ ಆಸುಪಾಸು ಹೋಗುತ್ತದೆ. ಆದರೂ ರಿವಾಲ್ವರ್ ಅಲುಗಲಿಲ್ಲ, ಸ್ಕ್ರೂ ಸಡಿಲ ಆಗಲಿಲ್ಲ, ತೋಟಾದ ಖಾಲಿ ಹಿತ್ತಾಳೆ ಕೊಳವೆಗಳು ಸಲೀಸಾಗಿ ಜಾರಿದವು. ಅದರಲ್ಲೇ .38 ಸ್ಪೆಷಲ್ ಅನ್ನುವ ಗಿಡ್ಡ, ಮೆತ್ತಗಿನ ತೋಟಾ ಕೂಡ ಹಾಕಬಹುದು, ಹೊಸಬರಿಗೆ ಕಲಿಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದೇ ತಾಪತ್ರಯ, .38 ಜಾಸ್ತಿ ಹೊಡೆದರೆ ತೂತಿನೊಳಗೆ ಮಸಿಯ ಬಳೆ ಕಟ್ಟುತ್ತದೆ. ಆಮೇಲೆ .357 ಹಾಕಿದರೆ ಬಿಗಿಯಾಗುತ್ತದೆ. ಒತ್ತಿ ತೂರಿಸಬೇಡಿ, ಮೊದಲು ಬ್ರಷ್ ಹಾಕಿ ತೆಗೆಯಿರಿ.

ಬ್ಲ್ಯಾಕ್‌ಹಾಕ್ ಬೇರೆಯೇ ಜಾತಿ. ಸಿಲಿಂಡರ್ ದಪ್ಪ, ಫ್ರೇಮ್ ದಪ್ಪ. ಜೋರು .45 ಕೋಲ್ಟ್ ತೋಟಾ ಅಂತ ಮಾರುವುದೆಲ್ಲ ಇಂಥದ್ದಕ್ಕೇ. 300 ಗ್ರೇನ್‌ಗಿಂತ ಮೇಲಿನ ಗುಂಡು, ಒತ್ತಡ ಸಾಮಾನ್ಯ .45ರ ದುಪ್ಪಟ್ಟು ಹತ್ತಿರ. ತೋಟಾ ತುಂಬುವವರ ಕೈಪಿಡಿಗಳಲ್ಲೂ ಇದಕ್ಕೆ ಬೇರೆ ಪುಟವೇ ಇರುತ್ತದೆ, ರೂಗರ್‌ಗೆ ಮಾತ್ರ ಅಂತ ಮೇಲೆ ಬರೆದು. ನಾನು ಹೊಡೆದೆ. ಮಣಿಕಟ್ಟಿಗೆ ಸರಿಯಾಗಿ ತಾಗುತ್ತದೆ. ಒಂದು ಸುತ್ತಿನ ನಂತರ ನೋಡಿದರೆ ಸಿಲಿಂಡರ್ ಮಧ್ಯದ ಬೇಸ್ ಪಿನ್ ಸ್ವಲ್ಪ ಮುಂದಕ್ಕೆ ಸರಿದಿತ್ತು. ಜೋರು ಹೊಡೆತಕ್ಕೆ ಹೀಗಾಗುವುದುಂಟು, ಬಿಗಿ ಸ್ಪ್ರಿಂಗ್ ಹಾಕಿಸಿದರೆ ನಿಲ್ಲುತ್ತದೆ. ಇನ್ನೊಂದು, ಸಿಲಿಂಡರಿನಲ್ಲಿ ಉಳಿದ ತೋಟಾಗಳ ಗುಂಡು ಹೊಡೆತಕ್ಕೆ ಮುಂದಕ್ಕೆ ಎದ್ದು ಬಂದು ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳಬಹುದು. ಅದಕ್ಕೇ ಕೊನೆಯದನ್ನು ಹೊಡೆಯದೆ ತೆಗೆದು, ಎದ್ದಿದೆಯಾ ಅಂತ ನೋಡಬೇಕು.

ಹಾಗಂತ ರೂಗರ್ ಅಂದ ಕೂಡಲೇ ಸುಮ್ನೆ ಹಾಕಿಬಿಡಬೇಡಿ. ಅದೇ ಕಂಪನಿಯ 1993ರ ವಕ್ವೆರೋ ಮಾದರಿ ದೊಡ್ಡ ಫ್ರೇಮಿನದು. 2005ರಲ್ಲಿ ಬಂದ ನ್ಯೂ ವಕ್ವೆರೋ ಚಿಕ್ಕದು, ಕೋಲ್ಟ್ ಅಳತೆಗೆ ಹತ್ತಿರ. ಅದನ್ನು ನಾನು ಇಟಲಿಯ ನಕಲಿನ ಸಾಲಿನಲ್ಲೇ ಇಡುತ್ತೇನೆ. ಬ್ಲ್ಯಾಕ್‌ಹಾಕ್ ಹೆಸರಲ್ಲೂ ಚಿಕ್ಕ ಫ್ರೇಮಿನ ಫ್ಲಾಟ್‌ಟಾಪ್‌ಗಳು ಬಂದಿವೆ.

ಈಗ ನನಗೆ ನಿಜವಾಗಿ ಭಯ ಆಗುವ ವಿಷಯ. .357 ಮಾಡಿದಾಗ, 1935ರಲ್ಲಿ, ಹಳೆಯ .38 ರಿವಾಲ್ವರ್‌ಗೆ ಯಾರೂ ಹಾಕದಿರಲಿ ಅಂತ ತೋಟಾದ ಕೊಳವೆಯನ್ನೇ ಉದ್ದ ಮಾಡಿದರು. ಒಳಗೆ ಹೋಗುವುದೇ ಇಲ್ಲ. .454 ಕಸುಲ್ ಅನ್ನುವ ಇನ್ನೂ ಜೋರು ತೋಟಾ ಕೂಡ ಹಾಗೇ, .45 ಕೋಲ್ಟ್‌ಗಿಂತ ಉದ್ದ. ಅದಕ್ಕೆ ಅಂತ ಬಂದ ಫ್ರೀಡಮ್ ಆರ್ಮ್ಸ್ ರಿವಾಲ್ವರ್‌ನಲ್ಲಿ ಐದೇ ತೂತು, ಹಾಗಾಗಿ ಕಚ್ಚು ತೂತಿನ ಮೇಲೆ ಬರದೆ ನಡುವೆ ಬರುತ್ತದೆ. ಎಷ್ಟು ಒಳ್ಳೆಯ ಯೋಚನೆ ನೋಡಿ. ಆದರೆ ಜೋರು .45 ಕೋಲ್ಟ್‌ಗೆ ಇಂಥ ಕಾವಲು ಯಾವುದೂ ಇಲ್ಲ. ಅದೇ ಉದ್ದ, ಅದೇ ಅಗಲ, ಬುಡದಲ್ಲಿ ಅದೇ .45 ಕೋಲ್ಟ್ ಅಂತ ಅಚ್ಚು. ಉಬರ್ಟಿಯೊಳಗೆ ಟಣ್ ಅಂತ ಬಿದ್ದು ಕೂರುತ್ತದೆ. ಡಬ್ಬಿಯ ಮೇಲೆ ಪ್ಲಸ್ ಪಿ, ಅಂದರೆ ಒತ್ತಡ ಜಾಸ್ತಿ, ಅಂತ ಬರೆದಿರಬಹುದು, ಆದರೆ .45 ಕೋಲ್ಟ್‌ಗೆ ಪ್ಲಸ್ ಪಿ ಅಂತ ಸಾಮಿ ಮಿತಿಯನ್ನೇ ಇಟ್ಟಿಲ್ಲ. ಅಂದರೆ ಒಬ್ಬರ ಪ್ಲಸ್ ಪಿ ಇನ್ನೊಬ್ಬರದ್ದಲ್ಲ. ಎರಡೂ ಥರದ ರಿವಾಲ್ವರ್ ಇರುವ ಮನೆಯಲ್ಲಿ ಜೋರು ತೋಟಾವನ್ನು ಬೇರೆ ಬೀರುವಿನಲ್ಲಿ, ಅದರದ್ದೇ ಡಬ್ಬಿಯಲ್ಲಿ ಇಡಿ. ಬಿಡಿ ತೋಟಾ ಜೇಬಲ್ಲಿ ಹಾಕಿಕೊಂಡು ರೇಂಜಿಗೆ ಹೋಗಲೇಬೇಡಿ.

"ನಾನು ಹೊಡೆದೆ, ಏನೂ ಆಗಲಿಲ್ಲ" ಅನ್ನುವವರು ಸಿಗುತ್ತಾರೆ. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಚಪ್ಪಟೆ ಆಗಿಲ್ಲ ಅಂತ ತೋರಿಸುತ್ತಾರೆ. ಪ್ರೈಮರ್ ಚಪ್ಪಟೆಯಾಗುವ ಒತ್ತಡ 14,000ಕ್ಕಿಂತ ಎಷ್ಟೋ ಮೇಲೆ. ಅದು ಕಾಣುವ ಹೊತ್ತಿಗೆ ಈ ಸಿಲಿಂಡರಿನ ಮಿತಿ ಯಾವಾಗಲೋ ದಾಟಿರುತ್ತದೆ. ಸಿಲಿಂಡರ್ ಹೋದರೆ ಕಚ್ಚಿನ ಹತ್ತಿರದ ಗೋಡೆ ಒಡೆದು ಫ್ರೇಮಿನ ಮೇಲಿನ ಪಟ್ಟಿ ಎದ್ದು ಹೋಗುತ್ತದೆ, ಅದು ಇರುವುದು ನಿಮ್ಮ ಮುಖದ ಎದುರಿಗೆ. ಇನ್ನು ಕೆಲವರ ವಾದ: ಇದೇ ನಕಲುಗಳ ಜೊತೆ .45 ಎಸಿಪಿ ಅನ್ನುವ ಪಿಸ್ತೂಲಿನ ತೋಟಾಕ್ಕೆ ಇನ್ನೊಂದು ಸಿಲಿಂಡರ್ ಕೊಡುತ್ತಾರೆ, ಅದರ ಮಿತಿ 21,000, ಹಾಗಾದರೆ .45 ಕೋಲ್ಟ್‌ನ್ನೂ ಅಲ್ಲಿಯವರೆಗೆ ತಗೊಂಡು ಹೋಗಬಹುದಲ್ಲ? ವಾದ ಕೇಳಲು ಸರಿಯಾಗಿದೆ. ಆದರೆ ಆ ಸಿಲಿಂಡರನ್ನು ಆ ತೋಟಾಕ್ಕೆ ಅಂತ ಪರೀಕ್ಷೆ ಮಾಡಿ ಮಾರಿದ್ದಾರೆ, ಈ ಸಿಲಿಂಡರನ್ನು ಈ ತೋಟಾಕ್ಕೆ. ನಾನು ದಾಟುವುದಿಲ್ಲ.

ಕೌಬಾಯ್ ಸ್ಪರ್ಧೆಗೆ ಹೋಗುವವರಿಗಂತೂ ಜೋರು ತೋಟಾ ಬೇಕಾಗೇ ಇಲ್ಲ. ಸೀಸದ ಗುಂಡೇ ಆಗಬೇಕು, ರಿವಾಲ್ವರ್‌ಗೆ ಸೆಕೆಂಡಿಗೆ 1,000 ಅಡಿ ಮೀರಬಾರದು ಅಂತ ಅವರ ನಿಯಮವೇ ಇದೆ.

ಹಾಗಾಗಿ ನನ್ನ ಆಯ್ಕೆ .357 ಕ್ಯಾಟಲ್‌ಮನ್. ಹಳೆಯ ನಕಲು ಕೊಳ್ಳುವುದಾದರೆ ಹಣ ಕೊಡುವ ಮೊದಲು ಇಟಲಿಯ ಗಾರ್ಡೋನೆಯಲ್ಲಿ ಬಂದೂಕು ಪರೀಕ್ಷಿಸಿ ಒತ್ತುವ ಮುದ್ರೆ ಹುಡುಕಿ. ಪಿಎಸ್‌ಎಫ್ ಇದ್ದರೆ ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆ ಆಗಿದೆ. ಪಿಎನ್ ಇದ್ದರೆ ಅದು ಕರಿಮದ್ದಿಗೆ ಮಾತ್ರ, ಅಂಥದ್ದಕ್ಕೆ ಸಾಮಾನ್ಯ ತೋಟಾವೂ ಬೇಡ. ಹಾಗೇ ಸಿಲಿಂಡರ್ ಬಿಚ್ಚಿಸಿ, ಪ್ರತಿ ಕಚ್ಚಿನ ಕೆಳಗೆ ಒಳಗೋಡೆಗೆ ಟಾರ್ಚ್ ಬಿಟ್ಟು ನೋಡಿ. ಉಬ್ಬು ತಗ್ಗು ಏನಾದರೂ ಕಂಡರೆ ಹಿಂದಿನ ಯಜಮಾನ ಜೋರು ತೋಟಾ ಹೊಡೆದಿದ್ದಾನೆ ಅಂತಲೇ ತಿಳಿದು ವಾಪಸ್ ಕೊಟ್ಟುಬಿಡಿ.