ಗೀರ್ ಮಣಕವನ್ನು ಫೋನಿನಲ್ಲಿ ಕೊಂಡು ಲಾರಿಯಲ್ಲಿ ತರಿಸಿದ ಬಗೆ: ಒಂದು ಆನ್‌ಲೈನ್ ಜಾನುವಾರು ಸೇವೆಯ ವಿಮರ್ಶೆ

ಕಳೆದ ಚಳಿಗಾಲದಲ್ಲಿ ನಾವು ಗುಜರಾತಿನ ಸೌರಾಷ್ಟ್ರ ಭಾಗದ ಒಂದು ಗೀರ್ ತಳಿಯ ಮಣಕವನ್ನು, ಎಂದರೆ ಇನ್ನೂ ಕರು ಹಾಕದ ಹರೆಯದ ಆಕಳನ್ನು, ಮೊಬೈಲ್ ಆ್ಯಪ್‌ನಲ್ಲಿ ನೋಡಿ, ಅಲ್ಲಿಯೇ ಹಣ ಕಟ್ಟಿ, ಸುಮಾರು 1,200 ಕಿಲೋಮೀಟರ್ ದೂರದಿಂದ ಭಾಲ್ಕಿ ತಾಲೂಕಿನ ನಮ್ಮ ಊರಿಗೆ ಲಾರಿಯಲ್ಲಿ ತರಿಸಿಕೊಂಡೆವು. ಮಣಕಕ್ಕೆ 92,000 ರೂಪಾಯಿ, ಸಾಗಣೆಗೆ 21,000, ಸೇವಾ ಶುಲ್ಕವೆಂದು 4,600 ಹೋಯಿತು. ಬೀದರದ ನಂದಿನಗರದಲ್ಲಿರುವ ಪಶು ವಿಶ್ವವಿದ್ಯಾಲಯದ ಆವರಣದಲ್ಲಿ ಪಶು ಮೇಳ ನಡೆದಾಗ ದೇಸಿ ತಳಿಗಳ ಸಾಲಿನಲ್ಲಿ ಅದನ್ನು ನಿಲ್ಲಿಸಬೇಕೆಂಬುದು ಮಗನ ಆಸೆ. ಆಸೆಗೆ ಹೂಂ ಎಂದವನು ನಾನು. ಸೇವೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದೂರು ಇನ್ನೂ ಇತ್ಯರ್ಥವಾಗಿಲ್ಲ. ದನವನ್ನು ಆರಿಸಿಕೊಡುವ ಕೆಲಸವನ್ನು ಅವರು ನಾನೆಣಿಸಿದ್ದಕ್ಕಿಂತ ಚೆನ್ನಾಗಿ ಮಾಡಿದರು; ದಾರಿಯನ್ನು ಮಾತ್ರ ಯಾರದೋ ಕೈಗೆ ಒಪ್ಪಿಸಿ ಸುಮ್ಮನಾದರು. ಪ್ರದರ್ಶನದ ದನದ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ. ಹಾಲಿಗೆಂದು ಕೊಂಡ ಆಕಳಿನ ಮೈ ನಾಲ್ಕು ಕಡೆ ತರಚಿದರೂ ಕೆಚ್ಚಲು ನೆಟ್ಟಗಿದ್ದರೆ ನಡೆದೀತು. ಮೇಳದಲ್ಲಿ ನಿಲ್ಲಿಸುವ ದನಕ್ಕೆ ನಾವು ಹೆಚ್ಚಿಗೆ ಕೊಡುವ ಹಣವೆಲ್ಲ ಅದರ ಚರ್ಮದ ಹೊಳಪಿಗೆ, ಕೋಡಿನ ಸಮಕ್ಕೆ, ಕಿವಿಯ ತುದಿಗೆ, ನಡಿಗೆಗೆ. ಲಾರಿಯ ಕುಲುಕಾಟದಲ್ಲಿ ಮೊದಲು ಕೆಡುವುದೂ ಇವೇ.

“ಮನ್ಯಾಗ ದೇವಣಿ ಇರಲಿಕ್ಕ ಗೀರ್ ಯಾಕ ಬೇಕಾಗಿತ್ರಿ ಕಾಕಾ?” ಎಂದು ಪಕ್ಕದ ಹೊಲದ ಹುಡುಗ ಕೇಳಿದ. ಕೇಳಬೇಕಾದ ಮಾತೇ. ದೇವಣಿ ನಮ್ಮ ನೆಲದ ತಳಿ. ಅದಕ್ಕೆ ಹೆಸರು ಕೊಟ್ಟ ಊರು ಈಗ ಲಾತೂರು ಜಿಲ್ಲೆಯಲ್ಲಿದೆ, ಅದರ ನೆರೆಯ ಉದಗೀರವಂತೂ 1956ರ ರಾಜ್ಯ ಮರುವಿಂಗಡಣೆಯವರೆಗೆ ಬೀದರ ಜಿಲ್ಲೆಗೇ ಸೇರಿತ್ತು. ಬಿಳಿ ಮೈಗೆ ಮುಖದ ಇಕ್ಕೆಲ ಕಪ್ಪಿರುವ ವನ್ನೇರಾ, ಹೊಟ್ಟೆಯ ಕೆಳಗಷ್ಟೇ ಕಪ್ಪು ಚುಕ್ಕೆಯಿರುವ ಬಾಳಂಕ್ಯಾ, ಮೈತುಂಬ ಕಪ್ಪು ಮಚ್ಚೆಯ ಶೇವರಾ, ದೇವಣಿಯ ಈ ಮೂರು ಬಗೆಯನ್ನೂ ನಮ್ಮಪ್ಪನ ಕಾಲದಿಂದ ಕಟ್ಟಿದ್ದೇವೆ. ದೇವಣಿಯಲ್ಲಿ ಗೀರ್ ಮತ್ತು ಡಾಂಗಿ ತಳಿಗಳ ರಕ್ತ ಬೆರೆತಿದೆ ಎಂದು ತಳಿ ಬಲ್ಲವರು ಹೇಳುತ್ತಾರೆ. ಹಣೆ, ಕಿವಿ ನೋಡಿದರೆ ಅಲ್ಲಗಳೆಯಲಾಗದು. ದೇವಣಿ, ಗೀರ್ ಎರಡನ್ನೂ ಒಂದೇ ಗೋದಲಿಯ ಮುಂದೆ ಕಟ್ಟಿ ನೋಡುವ ಚಪಲ ಎಂದರೂ ಸರಿಯೇ. ಸಂಕರ ಮಾಡುವ ಉದ್ದೇಶ ಮಾತ್ರ ನಮಗಿಲ್ಲ.

ಮೊದಲ ವಾರ ಫೋನಿನಲ್ಲಿ ಕಂಡದ್ದೆಲ್ಲ ಕಸ. ಒಂದೇ ಆಕಳಿನ ಚಿತ್ರ ಮೂರು ಜಾಹೀರಾತುಗಳಲ್ಲಿ ಮೂರು ಊರಿನದಾಗಿ ಕಾಣಿಸಿತು. ಮುಂಗಡ ಹಾಕಿದರೆ ಮಾತ್ರ ವಿಳಾಸ ಕೊಡುತ್ತೇವೆ ಎಂದವರನ್ನು ಅಲ್ಲಿಗೇ ಬಿಟ್ಟೆವು. ನಾವು ಕೊನೆಗೆ ಹಿಡಿದ ಸೇವೆಯಲ್ಲಿ ಅವರದೇ ಪ್ರತಿನಿಧಿ ಸಾಕಿದವರ ಮನೆಗೆ ಹೋಗಿ ವಿಡಿಯೋ ತೆಗೆಯುತ್ತಾನೆ, ನಾವು ಕಟ್ಟಿದ ಹಣ ದನ ತಲುಪುವವರೆಗೆ ಸೇವೆಯ ಬಳಿಯೇ ಉಳಿಯುತ್ತದೆ. ಮಾರುವವರು ಸಾಮಾನ್ಯವಾಗಿ ಚಿತ್ರವನ್ನು ಚೆಂದದ ಮಗ್ಗುಲಿನಿಂದ ತೆಗೆಸುತ್ತಾರೆ, ಆದ್ದರಿಂದ ನಾನು ನಡುವೆ ಎಲ್ಲೂ ಕತ್ತರಿಸದ ಒಂದೇ ವಿಡಿಯೋ ಬೇಕೆಂದೆ: ಕಿವಿಯ ಹಳದಿ ಟ್ಯಾಗಿನ 12 ಅಂಕಿಗಳನ್ನು ಓದುವಂತೆ ತೋರಿಸಿ ಆರಂಭಿಸಬೇಕು, ನಂತರ ಬಾಯಿ ತೆರೆಸಬೇಕು, ಎರಡೂ ಮಗ್ಗುಲು ತೋರಿಸಬೇಕು, ಕೊನೆಗೆ ಕಲ್ಲುಮಣ್ಣಿನ ನೆಲದ ಮೇಲೆ ಹಿಂದಿನಿಂದ ನಡೆಸಬೇಕು. ಪ್ರತಿನಿಧಿ ಗೊಣಗದೆ ಮರುದಿನವೇ ಕಳಿಸಿದ. ಕೆಳದವಡೆಯ ನಡುವೆ ಎರಡು ಹಿರಿಹಲ್ಲು ಪೂರ್ತಿ ಎದ್ದಿದ್ದವು, ಪಕ್ಕದ ಹಾಲುಹಲ್ಲುಗಳು ಹಾಗೇ ಇದ್ದವು. ಎಂದರೆ, ಹಲ್ಲಿನಿಂದ ವಯಸ್ಸು ಅಳೆಯುವ ಲೆಕ್ಕದಲ್ಲಿ, ಜಾಹೀರಾತಿನಲ್ಲಿ ಬರೆದಂತೆ ಅದು ಎರಡು ಹಲ್ಲಿನ ಮಣಕವೇ. ಉಬ್ಬಿದ ಹಣೆ, ಎಲೆಯಂತೆ ಮಡಚಿ ಇಳಿಬಿದ್ದ ಉದ್ದ ಕಿವಿ, ತಲೆಯ ಬದಿಯಿಂದ ಕೆಳಕ್ಕೂ ಹಿಂದಕ್ಕೂ ಹೋಗಿ ಮತ್ತೆ ಮೇಲಕ್ಕೆ ಬಾಗಿದ ಕೋಡು, ಗಾಢ ಕೆಂಪು ಮೈ, ಎಲ್ಲವೂ ತಳಿಯ ಲಕ್ಷಣಕ್ಕೆ ತಕ್ಕಂತಿತ್ತು. ಟ್ಯಾಗಿನ ಸಂಖ್ಯೆಯನ್ನು ನಮ್ಮ ಪಶು ಆಸ್ಪತ್ರೆಯ ವೈದ್ಯರು ಸರ್ಕಾರದ ಭಾರತ್ ಪಶುಧನ್ ದಾಖಲೆಯಲ್ಲಿ ಹಾಕಿ ನೋಡಿದಾಗ ಕಾಲುಬಾಯಿ ರೋಗದ ಲಸಿಕೆಯ ದಿನಾಂಕಗಳೂ, ಗರ್ಭಪಾತ ತರುವ ಬ್ರುಸೆಲ್ಲೋಸಿಸ್ ರೋಗಕ್ಕೆ ಕರುವಾಗಿದ್ದಾಗ ಹಾಕಿದ ಲಸಿಕೆಯ ದಿನಾಂಕವೂ ಸಿಕ್ಕವು. ಸಂತೆಯಲ್ಲಿ ಮೂವತ್ತು ವರ್ಷ ದನ ಕೊಂಡಿದ್ದೇನೆ, ಇಷ್ಟು ಪೂರ್ವಾಪರ ನನಗೆ ಯಾವ ದಲಾಲನೂ ಹೇಳಿಲ್ಲ.

ನಮ್ಮಣ್ಣನಿಗೆ ಮೈಮೇಲಿನ ಕೂದಲ ಸುಳಿಯ ಶುಭ ಅಶುಭ ನೋಡದೆ ಸಮಾಧಾನವಿಲ್ಲ. ಸುಳಿ ಎಂದರೇನೆಂದು ಗುಜರಾತಿನ ಆ ಪ್ರತಿನಿಧಿಗೆ ಹರಕು ಹಿಂದಿಯಲ್ಲಿ ತಿಳಿಸಲು ಅರ್ಧ ಗಂಟೆ ಹಿಡಿಯಿತು. ಪಾಪ, ಅವನು ಬೆನ್ನು, ಹಣೆ, ಎದೆಯ ಕೂದಲನ್ನೆಲ್ಲ ಹತ್ತಿರದಿಂದ ಹದಿನೇಳು ಚಿತ್ರ ತೆಗೆದು ಕಳಿಸಿದ. ನನಗೆ ಸುಳಿಯಲ್ಲಿ ನಂಬಿಕೆ ಕಡಿಮೆ, ಮುಂದೊಂದು ದಿನ ನಮ್ಮಿಂದ ಕೊಳ್ಳುವವನಿಗೆ ಇರಬಹುದು.

ದರದ ಮಾತುಕತೆ ಸಪ್ಪೆ. ಟವೆಲ್ಲಿನ ಕೆಳಗೆ ಕೈ ಕೂಡಿಸಿ ಬೆರಳು ಹಿಡಿದು ಬೆಲೆ ಆಡುವ ಸಂತೆಯ ರುಚಿ ಇದರಲ್ಲಿಲ್ಲ. ನಾವು ಒಂದು ಅಂಕಿ ಬರೆದೆವು, ಅವರು ಒಂದು ಬರೆದರು, ಮೂರನೆಯದಕ್ಕೆ ಮುಗಿಯಿತು.

ಇನ್ನು ಸಾಗಣೆ. ಹಣ ಕಟ್ಟುವ ಮೊದಲು ಅವರು ಕಳಿಸಿದ ಒಪ್ಪಂದದ ಹಾಳೆಯಲ್ಲಿ ಬರೆದದ್ದು ಕಾನೂನಿಗೆ ಸರಿಯಾಗಿಯೇ ಇತ್ತು. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಹಾಕುವಂತಿಲ್ಲ, ಕಾಲು ಜಾರದಂತೆ ನೆಲಕ್ಕೆ ತೆಂಗಿನ ನಾರಿನ ಚಾಪೆ ಅಥವಾ ಹಲಗೆ ಇರಬೇಕು, ಜೊತೆಗೊಬ್ಬ ಆಳು ಇರಬೇಕು, ಬೇರೆ ಸರಕು ಹೇರಬಾರದು, ದನಗಳ ಮುಖ ಆದಷ್ಟೂ ಎಂಜಿನ್ ಕಡೆಗಿರಬೇಕು. ಪ್ರಯಾಣಕ್ಕೆ ಯೋಗ್ಯವೆಂದು, ಅಂಟುರೋಗವಿಲ್ಲವೆಂದು ಪಶುವೈದ್ಯರ ಪ್ರಮಾಣಪತ್ರ ಬೇಕು. ಇದಲ್ಲದೆ 2016ರ ಆರಂಭದಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮದಂತೆ ಒಂದು ಹಸುವಿಗೆ 2 ಚದರ ಮೀಟರ್ ಜಾಗ, ನಡುವೆ ಅಡ್ಡಗಟ್ಟು ಇರಬೇಕು. ಹೊರಡುವ ದಿನ ಬಂದ ಚಿತ್ರದಲ್ಲಿ ಇವೆಲ್ಲವೂ ಇದ್ದವು: ಐದು ದನ, ಪಕ್ಕೆಗಳಿಗೆ ಹುಲ್ಲು ತುಂಬಿದ ಗೋಣಿ, ನೆಲಕ್ಕೆ ಚಾಪೆ, ಮೂಲೆಯಲ್ಲಿ ನೀರಿನ ಡ್ರಮ್ಮು. ನೋಡಿ ಖುಷಿಪಟ್ಟೆವು.

ಆ ಲಾರಿ ನಮ್ಮೂರಿಗೆ ಬರಲೇ ಇಲ್ಲ. ಸೂರತ್ ದಾಟಿ ಮಹಾರಾಷ್ಟ್ರದ ಧುಳೆಯ ಹತ್ತಿರ ಬಂದಾಗ ಅದಕ್ಕೆ ಬೇರೆ ಕಡೆಯ ಬಾಡಿಗೆ ಸಿಕ್ಕಿತೋ ಏನೋ, ರಾತ್ರಿಯಲ್ಲಿ ರಸ್ತೆಯ ಬದಿಯ ಮಣ್ಣಿನ ದಿಬ್ಬಕ್ಕೆ ಹಿಂಬಾಗಿಲು ತಾಗಿಸಿ ದನಗಳನ್ನು ಇನ್ನೊಂದು ಲಾರಿಗೆ ದಾಟಿಸಿದರು. ಅದರಲ್ಲಿ ಆಗಲೇ ಎರಡಿದ್ದವು. ಏಳು ದನ, ಅಡ್ಡಗಟ್ಟಿಲ್ಲ, ಚಾಪೆಯ ಬದಲು ಒಂದು ಹಿಡಿ ಹುಲ್ಲು. ಆ್ಯಪ್‌ನ ನಕಾಶೆಯಲ್ಲಿ ಹಳೆಯ ಲಾರಿಯ ಗುರುತು ಇಡೀ ದಿನ ಧುಳೆಯಲ್ಲೇ ನಿಂತಿದ್ದನ್ನು ನೋಡಿ ಮಗ ಸಹಾಯವಾಣಿಗೆ ಆರು ಸಲ ಫೋನ್ ಮಾಡಿದ. “ವಾಹನ ವಿಶ್ರಾಂತಿಯಲ್ಲಿದೆ” ಎಂಬುದೇ ಉತ್ತರ. ನಿಜ ಸಂಗತಿಯನ್ನು ಹೇಳಿದವನು ಸೌರಾಷ್ಟ್ರದಿಂದ ದನಗಳ ಆಳಾಗಿ ಜೊತೆ ಬಂದಿದ್ದ ಹುಡುಗ. ಈ ಇಡೀ ವ್ಯವಹಾರದಲ್ಲಿ ನಾನು ಮನಸಾರೆ ಮೆಚ್ಚುವುದು ಅವನೊಬ್ಬನನ್ನೇ. ಲಾರಿ ಬದಲಾದಾಗ ನಿನ್ನ ಕೆಲಸ ಮುಗಿಯಿತು ಎಂದರೂ ಹಿಂದಿರುಗದೆ, ನಮ್ಮ ಮಣಕದ ಮಗ್ಗುಲಿನಲ್ಲಿ ನಿಂತೇ ಬಂದ. ಲಾತೂರಿನಲ್ಲಿ ಎರಡು ದನ ಇಳಿಯುವವರೆಗೆ ಕೂರಲು ಅವನಿಗೆ ಜಾಗವಿರಲಿಲ್ಲ.

ಲಾರಿ ಬದಲಾದ ಇನ್ನೊಂದು ಫಲ ಉದಗೀರ ದಾಟಿ ಕಮಲನಗರದ ಗಡಿಯಲ್ಲಿ ಕಂಡಿತು. ಕರ್ನಾಟಕದಲ್ಲಿ 2020ರ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಬಂದ ಮೇಲೆ ದನದ ಲಾರಿಯ ಕಾಗದಗಳನ್ನು ಯಾರೂ ಸಡಿಲವಾಗಿ ನೋಡುವುದಿಲ್ಲ. ನಮ್ಮ ಕಾಗದದಲ್ಲಿ ಬರೆದ ಲಾರಿಯ ನಂಬರೇ ಬೇರೆ, ಎದುರಿಗೆ ನಿಂತ ಲಾರಿಯೇ ಬೇರೆ. ನಿಲ್ಲಿಸಿದವರದು ತಪ್ಪಲ್ಲ. ನಾನು ಮತ್ತು ಮಗ ಮೋಟಾರ್ ಸೈಕಲ್ ಮೇಲೆ ಹೋಗಿ, ಖರೀದಿ ರಸೀದಿ, ಪಹಣಿ, ವೈದ್ಯರ ಪ್ರಮಾಣಪತ್ರ ತೋರಿಸಿ, ಒಂದೊಂದೇ ಟ್ಯಾಗ್ ಓದಿಸಿ ಬಿಡಿಸಿಕೊಳ್ಳುವಷ್ಟರಲ್ಲಿ ಎರಡೂವರೆ ಗಂಟೆ ಕಳೆಯಿತು. ಟ್ಯಾಗಿನ ಸಂಖ್ಯೆ ನಮ್ಮ ಬಳಿ ಮೊದಲೇ ಇತ್ತೆಂದು ಕೆಲಸ ನಡೆಯಿತು, ಇಲ್ಲದಿದ್ದರೆ ಆ ರಾತ್ರಿ ದನಗಳು ಎಲ್ಲಿರುತ್ತಿದ್ದವೋ.

ಊರು ತಲುಪಿದಾಗ ನಸುಕಿನ ಮೂರು ಗಂಟೆ. ಎರಡು ರಾತ್ರಿ ಎಂದದ್ದು ನಾಲ್ಕು ರಾತ್ರಿಯಾಗಿತ್ತು. ತಿಪ್ಪೆಯ ದಿಬ್ಬಕ್ಕೆ ಲಾರಿ ಹಚ್ಚಿ ಹಲಗೆ ಇಟ್ಟೆವು, ಮಣಕ ಇಳಿಯಲೊಲ್ಲದು. ನಾವು ದನ ಕರೆಯುವ ಯಾವ ಸದ್ದೂ ಅದಕ್ಕೆ ತಿಳಿಯಲಿಲ್ಲ. ಆ ಹುಡುಗ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಏನೋ ಒಂದು ಸದ್ದು ಮಾಡಿದ, ಕೂಡಲೇ ಕಿವಿ ಅಲುಗಿತು, ಒಂದೊಂದೇ ಹೆಜ್ಜೆ ಇಟ್ಟು ಇಳಿಯಿತು. ಡ್ರೈವರ್‌ಗೆ ಅವಸರ: ಆ್ಯಪ್‌ನಲ್ಲಿ “ತಲುಪಿದೆ” ಎಂಬ ಗುಂಡಿ ಒತ್ತಿದರೆ ಮಾತ್ರ ತನಗೆ ಬಾಡಿಗೆ ಎಂದ. ಟಾರ್ಚಿನ ಬೆಳಕಿನಲ್ಲಿ ನಾಲ್ಕು ಕಾಲು ನೆಲದ ಮೇಲಿರುವುದನ್ನು ನೋಡಿ ಮಗ ಒತ್ತಿಬಿಟ್ಟ. ನಮ್ಮ ಹಣಕ್ಕೆ ಇದ್ದ ಒಂದೇ ಹಿಡಿತವನ್ನು ನಾವೇ ಆ ಕತ್ತಲಲ್ಲಿ ಬಿಟ್ಟುಕೊಟ್ಟೆವು, ಈ ಪೆದ್ದುತನದ ಹೊಣೆ ಸೇವೆಯದಲ್ಲ. ಆದರೆ ಬೆಳಗಾದ ಮೇಲೆ ನೋಡಿ ಒತ್ತಲು ಹನ್ನೆರಡು ಗಂಟೆಯಾದರೂ ಅವಕಾಶ ಕೊಡದೆ, ಒತ್ತಿದ ಗಳಿಗೆಯಲ್ಲೇ ಹಣ ದಾಟಿಸುವ ಏರ್ಪಾಡು ಯಾರ ಅನುಕೂಲಕ್ಕೆ ಎಂಬುದು ತಿಳಿಯದ ಸಂಗತಿಯೇನಲ್ಲ.

ಬೆಳಕಿನಲ್ಲಿ ಕಂಡದ್ದು ಇದು. ಮುಂಗಾಲಿನ ಎರಡೂ ಮಂಡಿ ತರಚಿ ರಕ್ತ ಒಣಗಿತ್ತು, ಬಲ ಸೊಂಟದ ಮೂಳೆಯ ಮೇಲೆ, ಲಾರಿಯ ಕಬ್ಬಿಣದ ಪಟ್ಟಿಗೆ ತಿಕ್ಕಿ ತಿಕ್ಕಿ, ಅಂಗೈಯ ಅರ್ಧದಷ್ಟು ಚರ್ಮ ಎದ್ದುಹೋಗಿತ್ತು, ಪಕ್ಕೆಲುಬು ಎಣಿಸಬಹುದಾಗಿತ್ತು. ಮೊದಲು ಬೆಲ್ಲ, ಚಿಟಿಕೆ ಉಪ್ಪು ಹಾಕಿದ ನೀರನ್ನು ಸ್ವಲ್ಪಸ್ವಲ್ಪವೇ ಕುಡಿಸಿದೆವು, ಹಿಂಡಿ ಹತ್ತಿರ ತರಲಿಲ್ಲ. ಸೌರಾಷ್ಟ್ರದಲ್ಲಿ ಶೇಂಗಾ ಬಳ್ಳಿಯ ಮೇವು ತಿಂದು ಬೆಳೆದದ್ದು, ನಮ್ಮ ಜೋಳದ ಕಣಿಕೆಯನ್ನು ಮೂಸಿ ಮುಖ ತಿರುಗಿಸಿತು. ಹುಡುಗ ತಂದಿದ್ದ ಒಂದು ಗೋಣಿ ಹಳೆಯ ಮೇವಿಗೆ ಕಣಿಕೆ, ತೊಗರಿ ಹೊಟ್ಟು ಬೆರೆಸುತ್ತ ಹತ್ತು ದಿನದಲ್ಲಿ ಬಾಯಿ ಹೊಂದಿಸಿದೆವು. ದೂರದಿಂದ ದನ ತರಿಸುವವರು ಒಂದು ಗೋಣಿ ಅಲ್ಲಿಯ ಮೇವನ್ನು ಕೇಳಿ ತರಿಸಿಕೊಳ್ಳಲಿ, ಅದರ ಬೆಲೆ ಏನೂ ಅಲ್ಲ. ಮೂರನೆಯ ದಿನ ಜ್ವರ 104 ಡಿಗ್ರಿಗೆ ಏರಿ ಮೂಗು ಸುರಿಯತೊಡಗಿತು. ದಣಿದ ದನದ ಶ್ವಾಸಕೋಶಕ್ಕೆ ಬರುವ ಪ್ರಯಾಣದ ಜ್ವರವೆಂದು ವೈದ್ಯರು ಐದು ದಿನ ಚುಚ್ಚುಮದ್ದು ಕೊಟ್ಟರು. ಹಳೆಯ ಕೋಣೆಯೊಂದರಲ್ಲಿ ಬೇರೆ ಕಟ್ಟಿ, ಬೇರೆ ಬಕೆಟ್ಟು ಇಟ್ಟು, 21 ದಿನ ದೇವಣಿಗಳ ಹತ್ತಿರ ಸುಳಿಯಗೊಡಲಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸಂತೆ, ಸಾಗಣೆ ಎಲ್ಲ ನಿಂತುಹೋದದ್ದನ್ನು ಕಂಡವನಿಗೆ ಇದು ಅತಿಯಾದ ಎಚ್ಚರ ಎನಿಸದು. ಈ ಬಗ್ಗೆ ಸೇವೆಯವರು ಒಂದು ಸಾಲಿನ ಸೂಚನೆಯನ್ನೂ ಕೊಟ್ಟಿರಲಿಲ್ಲ.

ವಿಮೆಯ ಬಗ್ಗೆ ಚಿಕ್ಕ ಮಾತು: ಸಾಮಾನ್ಯ ಜಾನುವಾರು ವಿಮೆಯಲ್ಲಿ ಇಷ್ಟು ದೂರದ ಪ್ರಯಾಣ ತಾನಾಗಿ ಸೇರಿರುವುದಿಲ್ಲ, ಬೇರೆ ಕಂತು ಕಟ್ಟಿ ಬರೆಸಬೇಕು. ನಾವು ಬರೆಸಿರಲಿಲ್ಲ.

ದೂರು ಕೊಟ್ಟೆವು. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಒಪ್ಪುವ ಸಂದೇಶ ಎರಡನೆಯ ದಿನ ಬಂತು. ತಿಂಗಳ ಕೊನೆಗೆ ಬಂದದ್ದು, ಸಾಗಣೆದಾರರು ಸ್ವತಂತ್ರರಾಗಿದ್ದು ತಾವು ಜವಾಬ್ದಾರರಲ್ಲವೆಂಬ ಪತ್ರ, ಮುಂದಿನ ಖರೀದಿಗೆ 3,000 ರೂಪಾಯಿಯ ಕೂಪನ್. 21,000 ತೆಗೆದುಕೊಳ್ಳುವಾಗ ರಸೀದಿಯ ಮೇಲೆ ಇದ್ದದ್ದು ಸೇವೆಯದೇ ಮುದ್ರೆ. 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇವೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ನಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಲು ಬಿಡುತ್ತದೆ, ಬೇಕಾದರೆ ಬೀದರದ ಆಯೋಗದ ಮೆಟ್ಟಿಲು ಹತ್ತುತ್ತೇವೆ.

ಮತ್ತೆ ತರಿಸುವೆಯಾ ಎಂದರೆ, ಆರಿಸಲು ಇದೇ ಸೇವೆಯನ್ನು ಬಳಸುತ್ತೇನೆ, 4,600 ಶುಲ್ಕಕ್ಕೆ ಆ ಕೆಲಸ ಅಗ್ಗವೇ. ಲಾರಿಯನ್ನು ಮಾತ್ರ ಭಾಲ್ಕಿಯಿಂದಲೇ ಗೊತ್ತುಮಾಡಿ, ಡ್ರೈವರ್ ಪಕ್ಕದ ಸೀಟಿನಲ್ಲಿ ನಾನೋ ಮಗನೋ ಕೂತು ಹೋಗಿ ಬರುತ್ತೇವೆ. ಇಬ್ಬರು ಮೂವರು ಕೂಡಿ ನಾಲ್ಕೈದು ದನ ತರಿಸಿದರೆ ತಲೆಗೆ ಬೀಳುವ ಖರ್ಚು ನಾವು ಕೊಟ್ಟದ್ದಕ್ಕಿಂತ ಬಹಳ ಹೆಚ್ಚಾಗದು. ಮಣಕ ಈಗ ಮೈದುಂಬಿದೆ, ನಮ್ಮ ಸದ್ದಿಗೂ ಕಿವಿ ಎತ್ತುತ್ತದೆ, ಮಂಡಿಯ ಗಾಯದ ಗುರುತಿಲ್ಲ. ಬಲ ಸೊಂಟದ ಮೇಲೆ ಕೂದಲು ಬಂದಿದೆ, ಆದರೆ ಚರ್ಮ ಎದ್ದಿದ್ದ ಜಾಗದಲ್ಲಿ ಹುಟ್ಟಿದ್ದು ಬಿಳಿ ಕೂದಲು. ಕೆಂಪು ಮೈಯ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಎದ್ದು ಕಾಣುತ್ತದೆ. ಮೇಳದಲ್ಲಿ ಯಾವ ಮಗ್ಗುಲನ್ನು ಮಂದಿಯ ಕಡೆಗೆ ತಿರುಗಿಸಿ ಕಟ್ಟಬೇಕೆಂದು ಮಗ ಈಗಲೇ ಲೆಕ್ಕ ಹಾಕುತ್ತಿದ್ದಾನೆ.