ಹಳೇ ಮ್ಯಾಕಿ 1202 ಮಿಕ್ಸರು, ಮನೇಲಿ ರೆಕಾರ್ಡಿಂಗ್ ಮಾಡೋರಿಗೆ

ತಗೋಬಹುದು. ಆದ್ರೆ ಒಂದೊಂದು ಗುಂಡಿನೂ ತಿರುಗಿಸಿ, ನಿಮ್ಮದೇ ಹೆಡ್‌ಫೋನಲ್ಲಿ ಕೇಳದೆ ದುಡ್ಡು ಮಾತ್ರ ಕೊಡಬೇಡಿ.

ನಮ್ಮನೇಲಿ ಅಮ್ಮ ದೇವರನಾಮ ಹಾಡ್ತಾರೆ, ಚಿಕ್ಕಪ್ಪ ಹಾರ್ಮೋನಿಯಂ, ತಬಲಾ ಪಕ್ಕದ ಬೀದಿ ಹುಡುಗ. ಎಲ್ಲರೂ ಒಟ್ಟಿಗೇ ಕೂತು ಹಾಡಿದ್ರೇನೇ ಚೆಂದ, ಒಬ್ಬೊಬ್ಬರನ್ನೇ ಬೇರೆ ಬೇರೆ ರೆಕಾರ್ಡ್ ಮಾಡೋಕೆ ಹೋದ್ರೆ ಹಾಡು ಸತ್ತೇ ಹೋಗುತ್ತೆ. ಹಾಗಾಗಿ ನಾಲ್ಕು ಮೈಕ್ ಬೇಕು: ಹಾಡಿಗೊಂದು, ಹಾರ್ಮೋನಿಯಂಗೊಂದು, ತಬಲಾಗೆ ಎರಡು. ನನ್ನ ಆಡಿಯೋ ಇಂಟರ್‌ಫೇಸಲ್ಲಿ (ಸದ್ದನ್ನ ಕಂಪ್ಯೂಟರಿಗೆ ಒಯ್ಯೋ ಪೆಟ್ಟಿಗೆ) ಮೈಕ್ ಹಾಕೋಕೆ ಇರೋದು ಎರಡೇ, ಆದ್ರೆ ಲೈನ್ ಲೆವೆಲ್ಲಲ್ಲಿ, ಅಂದ್ರೆ ಮೊದಲೇ ಜೋರು ಮಾಡಿದ ಸಿಗ್ನಲ್ ಆದ್ರೆ, ನಾಲ್ಕೂ ತಗೊಳ್ಳುತ್ತೆ. ಅಂದ್ರೆ ಮುಂದೆ ನಾಲ್ಕು ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲನ್ನ ಜೋರು ಮಾಡೋದು) ಇರೋ ಹಳೇ ಮಿಕ್ಸರ್ ಒಂದಿಟ್ರೆ ಸಾಕು ಅಂತ ಹುಡುಕೋಕೆ ಶುರು ಮಾಡಿದೆ.

ಮೊದಲನೇ ಸಲ ಮೋಸ ಹೋದೆ. ಒಂದು ಅಂಗಡೀಲಿ "ಎಲ್ಲಾ ಚೆಕ್ ಮಾಡಿದೀವಿ ಸಾರ್, ಕಣ್ಮುಚ್ಕೊಂಡು ತಗೊಂಡ್ಹೋಗಿ" ಅಂದ್ರು, ನಂಬಿ ತಂದೆ, ಮನೇಲಿ ಹಾಕಿ ನೋಡಿದ್ರೆ ಎರಡು ಚಾನೆಲ್ ಸದ್ದೇ ಇಲ್ಲ. ವಾಪಸ್ ಒಯ್ದ್ರೆ ಹಳೇ ಸಾಮಾನು ರಿಟರ್ನ್ ಇಲ್ಲ ಅಂದ್ಬಿಟ್ರು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆಮೇಲೆ ಮೈಕ್ ಸೆಟ್ ಬಾಡಿಗೆಗೆ ಕೊಡೋ ಒಬ್ಬರ ಹತ್ರ ಈ ಮ್ಯಾಕಿ ಎಂಎಸ್ 1202-ವಿಎಲ್‌ಝಡ್ ಸಿಕ್ತು, ಆರೂವರೆ ಸಾವಿರಕ್ಕೆ. 90ರ ದಶಕದ್ದು, ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾದ ಕಂಪನಿ. ಈ ಸಲ ಹೆಡ್‌ಫೋನು, ಒಂದು ಮೈಕು, ಮಲ್ಟಿಮೀಟರ್ ಹಿಡ್ಕೊಂಡೇ ಹೋದೆ. ಮೊದಲು ಹಿಂದೆ ಬರೆದಿರೋ ವೋಲ್ಟೇಜ್ ನೋಡಿದೆ, ಅಮೆರಿಕದಿಂದ ಬಂದ 120 ವೋಲ್ಟಿನ ಪೀಸನ್ನ ನಮ್ಮ 230ಕ್ಕೆ ನೇರವಾಗಿ ಚುಚ್ಚಿದ್ರೆ ಅಲ್ಲಿಗೇ ಅದರ ಕಥೆ ಮುಗೀತು. ಆಮೇಲೆ ಫ್ಯಾಂಟಮ್ (ಕೆಲವು ಮೈಕಿಗೆ ಮಿಕ್ಸರೇ ಕೊಡೋ ಕರೆಂಟು) ಆನ್ ಮಾಡಿ ನಾಲ್ಕೂ ಮೈಕ್ ಸಾಕೆಟ್ಟಲ್ಲಿ 1 ಮತ್ತೆ 2ನೇ ಪಿನ್ ಮಧ್ಯೆ ಅಳೆದೆ, 48ರ ಆಸುಪಾಸು ಬರಬೇಕು, ಬಂತು. ಕೊನೆಗೆ ಗುಂಡಿಗಳು. ಇದರಲ್ಲಿ ಮೇಲೆ ಕೆಳಗೆ ಜಾರಿಸೋ ಫೇಡರ್ ಇಲ್ಲ, ಎಲ್ಲಾ ತಿರುಗಿಸೋವೇ. ಮಧ್ಯದಲ್ಲಿ ಯು ಅಂತ ಬರೆದಿರೋ ಕಡೆ ಬೆರಳಿಗೆ ಸಣ್ಣಗೆ ಟಕ್ ಅಂತ ತಡೆ ಸಿಗುತ್ತೆ, ಸಿಗ್ನಲ್ ಹೆಚ್ಚೂ ಆಗದೆ ಕಮ್ಮಿನೂ ಆಗದೆ ಹೋಗೋ ಜಾಗ ಅದು. ಮೂರನೇ ಚಾನೆಲ್ ಗೇನ್ ತಿರುಗಿಸಿದ್ರೆ ಮಾತ್ರ ಹಪ್ಪಳ ಮುರಿದ ಹಾಗೆ ಕರಕರ. ನೂರಾರು ಮದುವೆ, ಗಣೇಶನ ಪ್ರೋಗ್ರಾಂ ಧೂಳು ಕುಡಿದಿದೆಯಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಮೂವತ್ತು ಸಲ ಆ ಕಡೆ ಈ ಕಡೆ ತಿರುಗಿಸಿದ ಮೇಲೆ ಹೋಯ್ತು. ಕರಕರ ಅಂದ್ರೆ ಹೆದರಬೇಡಿ, ಚೌಕಾಸಿಗೆ ಒಳ್ಳೇದು. ಸದ್ದೇ ಬರದಿದ್ರೆ, ಇಲ್ಲ ಮುಟ್ಟದೇನೇ ಗುಂಯ್ ಅಂತಿದ್ರೆ ಬಿಟ್ಟು ಬನ್ನಿ.

ಸೌಂಡ್ ಹೇಗಿದೆ ಅಂದ್ರೆ, ಕ್ಲೀನ್. ಹಳೇದು ಅಂದ ತಕ್ಷಣ ಏನೋ ರೇಡಿಯೋ ಕಾಲದ ಬೆಚ್ಚಗಿನ ದನಿ ಬರುತ್ತೆ ಅಂತ ಸುಮಾರು ಜನ ಅಂದ್ಕೋತಾರೆ, ಇದರಲ್ಲಿ ವಾಲ್ವೂ ಇಲ್ಲ ಏನೂ ಇಲ್ಲ, ಕೊಟ್ಟಿದ್ದನ್ನ ಹಾಗೇ ದಾಟಿಸುತ್ತೆ, ನನಗೆ ಬೇಕಿದ್ದೂ ಅದೇ. 75 ಹರ್ಟ್ಜ್ ಕೆಳಗಿಂದನ್ನ ಕತ್ತರಿಸೋ ಲೋ ಕಟ್ ಬಟನ್ ನಮ್ಮ ಬೀದಿ ಬಸ್ಸಿನ ಗುಡುಗುಡುಗೆ ದೇವರು ಕೊಟ್ಟ ಹಾಗಿದೆ, ಆದ್ರೆ ಡಗ್ಗಾ (ತಬಲಾ ಜೋಡೀಲಿ ದಪ್ಪ ದನಿಯದ್ದು) ಮೈಕಿಗೆ ಮಾತ್ರ ಒತ್ತಬೇಡಿ, ಗುಮ್ಮು ತೆಳ್ಳಗಾಗುತ್ತೆ.

ಬೇರೆ ಹಳೇವೂ ಇವೆ. ಮ್ಯಾಕಿ ಸಿಆರ್-1604 ದೊಡ್ಡದು, ಹದಿನಾರು ಚಾನೆಲ್, ಆದ್ರೆ ಮೈಕ್ ಪ್ರೀಆಂಪ್ ಆರೇ, ಒಳಗಿನ ರಿಬ್ಬನ್ ಕೇಬಲ್ ಕನೆಕ್ಟರ್ ಸಡಿಲ ಆಗೋದು ಅದರ ಹಳೇ ಕಾಯಿಲೆ. ಟ್ಯಾಸ್ಕಾಂ ಎಂ-30 ನೋಡೋಕೆ ಬಹಳ ಚೆಂದ, ಆದ್ರೆ ಟೇಪ್ ಮೆಷಿನ್ನಿಗೆ ಅಂತ ಮಾಡಿದ್ದು, ಲೆವೆಲ್ಲೂ ಪಿನ್ನೂ ಎಲ್ಲಾ ಆ ಲೆಕ್ಕದ್ದೇ. ಯಾವುದೇ ಮಿಕ್ಸರ್ ಆಗ್ಲಿ, ಹೊರಗಡೆ ಅಡಾಪ್ಟರ್ ಇರೋದಾದ್ರೆ ಅದರದ್ದೇ ಅಡಾಪ್ಟರ್ ಜೊತೆಗಿಲ್ಲ ಅಂದ್ರೆ ತಗೋಬೇಡಿ.

ಈಗ ಮುಖ್ಯ ವಿಷಯ, ನಾಲ್ಕು ಟ್ರ್ಯಾಕ್ ಬೇರೆ ಬೇರೆ ಹೊರಗೆ ತರೋದು. ಮೊದಲ ನಾಲ್ಕು ಚಾನೆಲ್ಲಿಗೆ ಇನ್ಸರ್ಟ್ ಜ್ಯಾಕ್ ಇದೆ, ಚಾನೆಲ್ ಸಿಗ್ನಲನ್ನ ಮಧ್ಯದಲ್ಲೇ ಹೊರಗೆ ತೆಗೆದು ವಾಪಸ್ ಕಳಿಸೋ ತೂತು ಅದು. ಮಾಮೂಲಿ ಮೋನೋ ಪಿನ್ನನ್ನ ಮೊದಲನೇ ಕ್ಲಿಕ್ ಬರೋವರೆಗೆ ಮಾತ್ರ, ಅರ್ಧ ತೂರಿಸಿದ್ರೆ ಆ ಚಾನೆಲ್ ಸಿಗ್ನಲ್ ಇಂಟರ್‌ಫೇಸಿಗೂ ಹೋಗುತ್ತೆ, ಮಿಕ್ಸರಲ್ಲೂ ಕೇಳ್ತಾನೇ ಇರುತ್ತೆ. ಕಂಪ್ಯೂಟರಿಂದ ವಾಪಸ್ ಬರೋ ತಡ ಇಲ್ದೆ ಎಲ್ಲರೂ ತಮ್ಮನ್ನ ತಾವು ಕೇಳ್ಕೊಂಡು ಹಾಡಬಹುದು. ಇಂಟರ್‌ಫೇಸ್ ಲೈನಿಗೇ ಇರಲಿ, ಮೈಕಿಗೆ ಇಟ್ರೆ ಸುಸ್ ಅನ್ನೋ ಸದ್ದು ಜಾಸ್ತಿ. ಇನ್ಸರ್ಟ್ ಇಕ್ಯೂಗಿಂತ (ಬೇಸ್, ಟ್ರೆಬಲ್ ಹೊಂದಿಸೋ ಗುಂಡಿಗಳು) ಮುಂಚೆ ಬರುತ್ತೆ, ಹಾಗಾಗಿ ಮಿಕ್ಸರಲ್ಲಿ ಟ್ರೆಬಲ್ ಎಷ್ಟೇ ತಿರುಗಿಸಿದ್ರೂ ರೆಕಾರ್ಡಿಂಗಿಗೆ ಬರಲ್ಲ. ಇಕ್ಯೂ ಸಮೇತ ಬೇಕಾದ್ರೆ ಆ ಚಾನೆಲ್ ಮ್ಯೂಟ್ ಒತ್ತಿ ಆಲ್ಟ್ 3-4 ಔಟಿಂದ (ಮ್ಯೂಟ್ ಒತ್ತಿದ ಚಾನೆಲ್ ಹೋಗೋ ಇನ್ನೊಂದು ಔಟ್) ತಗೊಳ್ಳಿ.

ಅರ್ಧ ತೂರಿಸಿದ ಪಿನ್ನಿನ ಕಷ್ಟ ಏನಪ್ಪ ಅಂದ್ರೆ ನಿಲ್ಲಲ್ಲ. ಅಮ್ಮ ಕಣ್ಮುಚ್ಚಿ ಬಹಳ ಚೆನ್ನಾಗಿ ಹಾಡಿದ ದಿನಾನೇ ಎರಡನೇ ಚರಣದಲ್ಲಿ ಒಂದು ಪಿನ್ ಜಾರಿ ಡಗ್ಗಾ ಟ್ರ್ಯಾಕ್ ಪೂರ್ತಿ ಹೋಯ್ತು. ಮಾರನೇ ದಿನ ನಾಲ್ಕು ಸ್ಟೀರಿಯೋ ಪಿನ್ ತಂದು, ತುದಿ ಮತ್ತೆ ರಿಂಗ್ ಎರಡನ್ನೂ ಸೇರಿಸಿ ಬೆಸುಗೆ ಹಾಕಿ ಕೇಬಲ್ ಮಾಡಿಸಿದೆ, ಇವನ್ನ ಪೂರ್ತಿ ಒಳಗೆ ತೂರಿಸಿದ್ರೂ ಅರ್ಧ ತೂರಿಸಿದ ಕೆಲಸಾನೇ ಮಾಡುತ್ತೆ. ಅಮ್ಮ ಅದೇ ದೇವರನಾಮ ಇನ್ನೊಂದ್ಸಲ ಹಾಡಿಕೊಟ್ರು, ನಾಲ್ಕು ಟ್ರ್ಯಾಕೂ ಬಂತು.